ವೈಡ್‌ಬ್ಯಾಂಡ್ ಗೇಜ್ ಒಂದು, ಇಸಿಯು ಇನ್ನೊಂದು ತೋರಿಸ್ತಿದ್ರೆ

ಟರ್ಬೊ ಕಾರಿಗೆ ವೈಡ್‌ಬ್ಯಾಂಡ್ (ಎಕ್ಸಾಸ್ಟ್‌ನಲ್ಲಿ ಗಾಳಿ-ಫ್ಯೂಯೆಲ್ ಅನುಪಾತ ಅಳೆಯೋ ಸೆನ್ಸರ್) ಹಾಕಿದ್ಮೇಲೆ ಐಡಲ್‌ನಲ್ಲಿ ಗೇಜ್ 14.7 ತೋರಿಸಿದ್ರೆ ಇಸಿಯು (ಎಂಜಿನ್ ಕಂಪ್ಯೂಟರ್) ಲಾಗ್‌ನಲ್ಲಿ 15.3 ಬರ್ತಿತ್ತು, ಇಸಿಯು ಲೆಕ್ಕಾನ ನಂಬಿ ಟ್ಯೂನ್ ಮಾಡಿದ್ರೆ ಫ್ಯೂಯೆಲ್ ಸುಮ್ನೆ ಜಾಸ್ತಿ ಹೋಗುತ್ತೆ. ಬೆಂಗಳೂರಿನ ಜೆಸಿ ರೋಡಿಂದ ಹೊಸ ಸೆನ್ಸರ್ ತಂದು ಹಾಕ್ದೆ, ಎಕ್ಸಾಸ್ಟ್ ಲೀಕ್ ನೋಡ್ದೆ, ಕ್ಯಾಲಿಬ್ರೇಶನ್ ಮತ್ತೆ ಮಾಡ್ದೆ, ಏನೂ ಬದಲಾಗ್ಲಿಲ್ಲ.

ತಪ್ಪು ಇದ್ದಿದ್ದು ಅರ್ಥಿಂಗ್‌ನಲ್ಲಿ, ಅಂದ್ರೆ ಗ್ರೌಂಡ್ ವೈರಲ್ಲಿ. ಎಂಜಿನ್ ಓಡ್ತಿರುವಾಗ್ಲೇ ಮಲ್ಟಿಮೀಟರ್‌ನ ಒಂದು ತುದಿ ಕಂಟ್ರೋಲರ್ (ಸೆನ್ಸರ್ ಓದಿ ಇಸಿಯುಗೆ ವೋಲ್ಟೇಜ್ ಆಗಿ ಕಳಿಸೋ ಡಬ್ಬಿ) ಗ್ರೌಂಡಿಗೆ, ಇನ್ನೊಂದು ಇಸಿಯು ಗ್ರೌಂಡಿಗೆ ಇಟ್ಟು ನೋಡಿ, ನಂದ್ರಲ್ಲಿ ಎರಡರ ನಡುವೆ 0.2 ವೋಲ್ಟ್ ವ್ಯತ್ಯಾಸ ಇತ್ತು, ಅಷ್ಟಕ್ಕೇ ಇಸಿಯು ಲೆಕ್ಕ ತಪ್ಪುತ್ತೆ, ಸೆನ್ಸರ್ ಹೀಟರ್ ಕರೆಂಟ್ ಡ್ಯಾಶ್ ಕೆಳಗಿನ ತುಕ್ಕು ಹಿಡಿದ ಬೋಲ್ಟ್ ಮೂಲಕ ಹೋಗ್ತಿತ್ತು ಅದಕ್ಕೆ. ಮೊದ್ಲು ಬ್ಯಾಟರಿ ನೆಗೆಟಿವ್ ತೆಗೀರಿ, ಆಮೇಲೆ ಇಸಿಯು ಗ್ರೌಂಡ್ ಇರೋ ಎಂಜಿನ್ ಬ್ಲಾಕ್ ಬೋಲ್ಟಿನ ಜಾಗ ಹೊಳೆಯೋ ತನಕ ಉಜ್ಜಿ, ಕಂಟ್ರೋಲರ್‌ನ ಗ್ರೌಂಡ್ ವೈರನ್ನ ಅದೇ ಬೋಲ್ಟಿಗೇ ಹಾಕಿ. ಕೊನೆಗೆ ಇಸಿಯುನಲ್ಲಿ 0 ವೋಲ್ಟಿಗೆ ಅನುಪಾತ 7.35, 5 ವೋಲ್ಟಿಗೆ 22.39 ಕೊಟ್ಟೆ (ನನ್ನ ಕಂಟ್ರೋಲರ್ ಲೆಕ್ಕ, ನಿಮ್ಮದು ಮ್ಯಾನುಯಲ್‌ನಲ್ಲಿ ನೋಡ್ಕೊಳ್ಳಿ). ಈಗ ಹೆಡ್‌ಲೈಟ್, ಫ್ಯಾನ್ ಹಾಕಿದ್ರೂ ಎರಡೂ ಒಂದೇ.