ನಿಮ್ಮ ಮನೆ ಪಾವಿನಲ್ಲಿ ಎಷ್ಟು ಗ್ರಾಂ?

ಕಡುಬಿಗೆ ಒಂದು ಪಾವು ಅಕ್ಕಿತರಿ, ಎರಡು ಪಾವು ನೀರು. ಚಿಕ್ಕಮಗಳೂರು ಕಡೆ ಈ ಲೆಕ್ಕಕ್ಕೆ ಯಾರೂ ತಕ್ಕಡಿ ಹುಡುಕುವುದಿಲ್ಲ. ಎರಡಕ್ಕೂ ಒಂದೇ ಪಾತ್ರೆ ಬಳಸಿದರೆ ಆಯಿತು. ತಲೆನೋವು ಶುರುವಾಗುವುದು ಮೊಬೈಲಿನ ರೆಸಿಪಿ ‘250 ಗ್ರಾಂ ಮೈದಾ’ ಎಂದಾಗ. ಇಲ್ಲವೇ ನೂರು ಜನರ ಊಟಕ್ಕೆ ಅಂಗಡಿ ಚೀಟಿ ಬರೆಯುವಾಗ. ಮನೆಯಲ್ಲಿ ಪಾವು, ಅಂಗಡಿಯಲ್ಲಿ ಕೆಜಿ!

ಒಂದು ಕಪ್ಪಿಗೆ ಎಷ್ಟು ಗ್ರಾಂ ಎಂದು ಹೇಳುವ ಇಂಟರ್ನೆಟ್ಟಿನ ಪಟ್ಟಿಯನ್ನು ಹಾಗೇ ನಂಬಬೇಡಿ. ಅಲ್ಲಿನ ಕಪ್ ಸಾಮಾನ್ಯವಾಗಿ 240 ಅಥವಾ 250 ಮಿಲಿ. ರೈಸ್ ಕುಕ್ಕರ್ ಜೊತೆ ಬರುವ ಕಪ್ ಎಷ್ಟೋ ಸಲ 180 ಮಿಲಿ. ನಿಮ್ಮ ಪಾವು ಇನ್ನೆಷ್ಟೋ. ನಿಮ್ಮದೇ ಪಟ್ಟಿ ಮಾಡಿಕೊಳ್ಳುವುದು ಒಳ್ಳೆಯದು. ಅಡುಗೆಮನೆಯ ಡಿಜಿಟಲ್ ತಕ್ಕಡಿ ಒಂದಿದ್ದರೆ ಸಾಕು.

ಮೊದಲು ಖಾಲಿ ಪಾವನ್ನು ತಕ್ಕಡಿ ಮೇಲಿಟ್ಟು ಅಂಕಿಯನ್ನು ಸೊನ್ನೆ ಮಾಡಿ. ಅಂಚಿನವರೆಗೆ ನೀರು ತುಂಬಿ. ಒಂದು ಮಿಲಿ ನೀರು ಒಂದು ಗ್ರಾಂ ತೂಗುತ್ತದೆ. 200 ಗ್ರಾಂ ತೋರಿಸಿದರೆ ನಿಮ್ಮ ಪಾವು 200 ಮಿಲಿ ಎಂದಾಯಿತು. ಈಗ ಪಾವನ್ನು ಚೆನ್ನಾಗಿ ಒರೆಸಿ, ಅಕ್ಕಿತರಿ ತುಂಬಿ, ಮೇಲೆ ಬೆರಳಿನಿಂದ ಸವರಿ ಸಮ ಮಾಡಿ ತೂಗಿ. 160 ಗ್ರಾಂ ಬಂತು ಅಂದುಕೊಳ್ಳೋಣ.

ಇಲ್ಲೇ ಹುಷಾರಾಗಿರಬೇಕು. ‘ಒಂದಕ್ಕೆ ಎರಡು’ ಎಂದು ಒಂದು ಕೆಜಿ ತರಿಗೆ ಎರಡು ಲೀಟರ್ ನೀರಿಟ್ಟರೆ ಕಡುಬು ಗಟ್ಟಿಯಾಗುತ್ತದೆ. ಒಂದು ಕೆಜಿ ಎಂದರೆ 1000 ಭಾಗಿಸು 160, ಅಂದರೆ ಆರೂಕಾಲು ಪಾವು ತರಿ. ಅದಕ್ಕೆ ನೀರು ಹನ್ನೆರಡೂವರೆ ಪಾವು, ಎರಡೂವರೆ ಲೀಟರ್. ಅರ್ಧ ಲೀಟರ್ ವ್ಯತ್ಯಾಸ ಸಣ್ಣದಲ್ಲ, ಅಲ್ವಾ?

ಅಕ್ಕಿ, ಬೇಳೆ, ಸಕ್ಕರೆಯನ್ನೂ ಹೀಗೇ ತೂಗಿ ಬರೆದಿಡಿ. ಇವು ಹೆಚ್ಚು ಏರುಪೇರಾಗುವುದಿಲ್ಲ. 240 ಮಿಲಿ ಕಪ್ಪಿಗೆ ಸಕ್ಕರೆ ಸುಮಾರು 200 ಗ್ರಾಂ ಹಿಡಿಯುತ್ತದೆ.

ಆಟ ಆಡಿಸುವುದು ಹಿಟ್ಟು. ಅದೇ ಕಪ್ಪಿಗೆ ಮೈದಾವನ್ನು ಚಮಚದಿಂದ ಹಗುರವಾಗಿ ತುಂಬಿದರೆ 120 ಗ್ರಾಂ ಆಸುಪಾಸು. ಕಪ್ಪನ್ನೇ ಡಬ್ಬಿಗೆ ಒತ್ತಿ ತೋಡಿದರೆ 150 ಕೂಡ ಆಗಬಹುದು. ರಾಗಿಹಿಟ್ಟೂ ಅಷ್ಟೇ: ಮಿಲ್ಲಿನಿಂದ ಆಗಷ್ಟೇ ತಂದದ್ದು ಹಗುರ, ಡಬ್ಬಿಯಲ್ಲಿ ಕುಳಿತದ್ದು ಬಿಗಿ. ಅದಕ್ಕೇ ಕೇಕಿಗೆ ಹಿಟ್ಟನ್ನು ತೂಗಿಯೇ ಹಾಕಿ. ಮುದ್ದೆಗೆ ಬೇಡ, ಅಲ್ಲಿ ಕೈಗೆ ಗೊತ್ತಾಗುತ್ತದೆ.

ಎಣ್ಣೆಗೆ ತಕ್ಕಡಿಯೂ ಬೇಕಿಲ್ಲ, ಪ್ಯಾಕೆಟ್ ಓದಿ. ಒಂದು ಲೀಟರ್ ಪಕ್ಕದಲ್ಲಿ ಸುಮಾರು 910 ಗ್ರಾಂ ಎಂದಿರುತ್ತದೆ. ಅಚ್ಚುಬೆಲ್ಲವನ್ನು ಪಾವಿನಲ್ಲಿ ಅಳೆಯಲೇಬೇಡಿ, ತುಂಡುಗಳ ನಡುವೆ ಬರೀ ಗಾಳಿ. ಕಡ್ಲೆಪುರಿಯ ವಿಷಯ ಉಲ್ಟಾ. ಹಾಸನದ ಸಂತೆಯಲ್ಲಿ ಅದನ್ನು ಸೇರಿನಲ್ಲಿ ಅಳೆದು ಕೊಡುವುದೇ ಸರಿ.

ಉಪ್ಪು, ಅಡುಗೆ ಸೋಡಾ ಚಮಚದಲ್ಲೇ ಇರಲಿ. ಎರಡು–ಮೂರು ಗ್ರಾಮನ್ನು ಮನೆ ತಕ್ಕಡಿ ಸರಿಯಾಗಿ ಹಿಡಿಯುವುದಿಲ್ಲ. 5 ಮಿಲಿ ಚಮಚಕ್ಕೆ ಪುಡಿ ಉಪ್ಪು ಸುಮಾರು 6 ಗ್ರಾಂ. ಹರಳುಪ್ಪಾದರೆ ಕಡಿಮೆ. ಹುಣಸೆಹಣ್ಣನ್ನು ಮಾತ್ರ ‘ನಿಂಬೆ ಗಾತ್ರ’ ಎಂದೇ ಬಿಟ್ಟುಬಿಡಿ. ಒಂದೊಂದರ ಹುಳಿ ಒಂದೊಂದು ಥರ, ಗ್ರಾಂ ಲೆಕ್ಕದಿಂದ ಅಲ್ಲಿ ಏನೂ ಗೊತ್ತಾಗುವುದಿಲ್ಲ.