ಪ್ರೋಸೆಸ್ ಓಡುತ್ತಿದೆ, ನೋಡ್ ಸತ್ತಿದೆ: ಕಸಾಂಡ್ರ ಕ್ಲಸ್ಟರ್ ಮೇಲೆ ಕಣ್ಣಿಡುವ ಬಗೆ

ಕಾಸರಗೋಡು, ಬದಿಯಡ್ಕ, ಮುಳ್ಳೇರಿಯ – ಮೂರು ಕಡೆ ಒಂದೊಂದು ಸರ್ವರ್ ಇಟ್ಟು, ಸಂಘದ ಅಡಿಕೆ ಖರೀದಿಯ ಲೆಕ್ಕವನ್ನು ಅಪಾಚೆ ಕಸಾಂಡ್ರ ಎಂಬ, ಹಲವು ಸರ್ವರ್‌ಗಳಿಗೆ ಹಂಚಿಕೊಂಡಿರುವ ಡೇಟಾಬೇಸಿನಲ್ಲಿ ಇಟ್ಟಿದ್ದೀರಿ ಎಂದುಕೊಳ್ಳಿ. ಡೇಟಾಕ್ಕೆ ಮೂರು ಪ್ರತಿ, ಓದುವುದೂ ಬರೆಯುವುದೂ ಕ್ವೋರಂನಲ್ಲಿ, ಅಂದರೆ ಮೂರರಲ್ಲಿ ಎರಡು ಪ್ರತಿ ಉತ್ತರಿಸಬೇಕು. ಒಂದು ನೋಡ್ (ಕ್ಲಸ್ಟರಿನ ಒಂದು ಸರ್ವರ್) ಬಿದ್ದರೆ ಕೆಲಸ ನಡೆಯುತ್ತದೆ, ಎರಡು ಬಿದ್ದರೆ ಬಿಲ್ ಆಗುವುದಿಲ್ಲ. ಮೊದಲನೆಯದು ಬಿದ್ದದ್ದು ಯಾರಿಗೂ ಗೊತ್ತಾಗದೆ ಹೋಗುವುದೇ ಅಪಾಯ.

ಸಿಸ್ಟಮ್‌ಸಿಟಿಎಲ್ ಸ್ಟೇಟಸ್ (ಸರ್ವಿಸ್ ಓಡುತ್ತಿದೆಯೇ ಎಂದು ಹೇಳುವ ಲಿನಕ್ಸ್ ಕಮಾಂಡ್) ಹಸಿರು ತೋರಿಸಿತೆಂದು ನಂಬಬೇಡಿ. ಡಿಸ್ಕ್ ಕೆಟ್ಟಾಗ ಏನು ಮಾಡಬೇಕೆಂದು ಹೇಳುವ ಡಿಸ್ಕ್ ಫೇಲ್ಯೂರ್ ಪಾಲಿಸಿ ಸಾಮಾನ್ಯವಾಗಿ 'ಸ್ಟಾಪ್' ಎಂದಿರುತ್ತದೆ. ಆಗ ಕಸಾಂಡ್ರ ಗಾಸಿಪ್ಪನ್ನೂ (ನೋಡ್‌ಗಳು ಪರಸ್ಪರ ಸ್ಥಿತಿ ಹೇಳಿಕೊಳ್ಳುವ ಮಾತುಕತೆ) ಕ್ಲೈಂಟ್ ಸಂಪರ್ಕವನ್ನೂ ಮುಚ್ಚಿ, ಜಾವಾ ಪ್ರೋಸೆಸ್ಸನ್ನು ಮಾತ್ರ ಉಳಿಸಿಕೊಳ್ಳುತ್ತದೆ. ಪಿಎಸ್ ಕಮಾಂಡಿಗೆ ಅದು ಜೀವಂತ, ಉಳಿದ ನೋಡ್‌ಗಳಿಗೆ ಸತ್ತದ್ದು. ಹಾಗಾಗಿ ಕಸಾಂಡ್ರದ ನಿರ್ವಹಣಾ ಕಮಾಂಡ್ ಆದ ನೋಡ್‌ಟೂಲ್ ಸ್ಟೇಟಸ್‌ಗಾಸಿಪ್, ಸ್ಟೇಟಸ್‌ಬೈನರಿ ಎರಡನ್ನೂ ಕೇಳಬೇಕು. ಎರಡಕ್ಕೂ 'ರನ್ನಿಂಗ್' ಎಂದೇ ಬರಬೇಕು. ಸಿಸ್ಟಮ್‌ಡಿ ತಾನಾಗಿ ಎಬ್ಬಿಸುವಂತೆ ಇಟ್ಟಿದ್ದರೆ, ಎಷ್ಟು ಸಲ ಎಬ್ಬಿಸಿತೆಂದು ಹೇಳುವ ಎನ್‌ರೀಸ್ಟಾರ್ಟ್ಸ್ ಸಂಖ್ಯೆಯನ್ನೂ ಗಮನಿಸಿ. ಅದು ಏರುತ್ತಿದ್ದರೆ ನೋಡ್ ಬಿದ್ದು ಎದ್ದು ಮಾಡುತ್ತಿದೆ. ಕರ್ನಲ್ ಸಂದೇಶ ತೋರಿಸುವ ಡಿಮೆಸೇಜ್‌ನಲ್ಲಿ 'ಔಟ್ ಆಫ್ ಮೆಮೊರಿ' ಸಾಲು ಹುಡುಕಿ.

ಇನ್ನು ನೆರೆಯವರ ಸಾಕ್ಷಿ. ನೋಡ್‌ಟೂಲ್ ಸ್ಟೇಟಸ್ಸನ್ನು ಮೂರೂ ನೋಡ್‌ಗಳಲ್ಲಿ ಓಡಿಸಿ ಹೋಲಿಸಿ, ಒಂದರಲ್ಲಿ ಮಾತ್ರ ನೋಡಿದರೆ ಸಾಲದು. ಎಲ್ಲ ಕಡೆ ಯುಎನ್ (ಎದ್ದಿದೆ, ಸಹಜ) ಇರಬೇಕು. ಬದಿಯಡ್ಕಕ್ಕೆ ಮುಳ್ಳೇರಿಯ ಡಿಎನ್ (ಬಿದ್ದಿದೆ) ಆಗಿ ಕಂಡು, ಕಾಸರಗೋಡಿಗೆ ಯುಎನ್ ಆಗಿ ಕಂಡರೆ ತಪ್ಪು ಹೆಚ್ಚಾಗಿ ದಾರಿಯಲ್ಲಿ: ಫೈರ್‌ವಾಲ್‌ನಲ್ಲಿ 7000ನೇ ಪೋರ್ಟ್ (ಟಿಎಲ್‌ಎಸ್ ಗೂಢಲಿಪೀಕರಣ ಇರುವ 4.0ಕ್ಕಿಂತ ಹಳೆಯ ಆವೃತ್ತಿಯಾದರೆ 7001) ನೋಡಿ. ನೋಡ್‌ಟೂಲ್ ಪ್ರತಿ ಸಲವೂ ಹೊಸ ಜಾವಾ ಪ್ರೋಸೆಸ್ ಎಬ್ಬಿಸುತ್ತದೆ, ನಿಮಿಷಕ್ಕೊಮ್ಮೆಗಿಂತ ಹೆಚ್ಚು ಓಡಿಸಬೇಡಿ.

ಕೊನೆಗೆ ಕ್ಲೈಂಟ್ (ಬಿಲ್ ಮಾಡುವ ಕಂಪ್ಯೂಟರ್) ಕಡೆಯಿಂದ. 9042ನೇ ಪೋರ್ಟಿನಲ್ಲಿ ಒಂದೊಂದೇ ನೋಡ್‌ಗೆ ಸಿಕ್ಯುಎಲ್‌ಎಸ್‌ಎಚ್‌ನಿಂದ (ಕಸಾಂಡ್ರಕ್ಕೆ ಪ್ರಶ್ನೆ ಕೇಳುವ ಕಮಾಂಡ್) ಸಂಪರ್ಕಿಸಿ ಸಿಸ್ಟಮ್.ಲೋಕಲ್ ಟೇಬಲ್ಲಿನ ಒಂದು ಸಾಲು ಓದಿಸಿ. ಅದು ಆ ನೋಡ್‌ನದೇ ಮಾಹಿತಿ, ಬೇರೆಯವರ ನೆರವಿಲ್ಲದೆ ಬರುತ್ತದೆ. ಬಳಿಕ ಪರೀಕ್ಷೆಗೆಂದೇ ಮಾಡಿದ ಟೇಬಲ್ಲಿನಲ್ಲಿ ಕ್ವೋರಂನಲ್ಲಿ ಒಂದು ಸಾಲು ಬರೆದು ಓದಿ. ಪೋರ್ಟ್ ತೆರೆದಿದೆಯೇ ಎಂದು ಮಾತ್ರ ನೋಡುವ ಪರೀಕ್ಷೆ ನನ್ನ ಮಟ್ಟಿಗೆ ನಿರುಪಯುಕ್ತ.

ಹೆಚ್ಚು ಗಮನ ಬೇಕಾದದ್ದು ಸಮಯಕ್ಕೆ. ನೋಡ್ ಬಿದ್ದಾಗ ಉಳಿದವು ಅದಕ್ಕೆ ಸೇರಬೇಕಾದ ಬರಹಗಳನ್ನು ಹಿಂಟ್ ಆಗಿ ಕೂಡಿಡುತ್ತವೆ, ಆದರೆ ಡಿಫಾಲ್ಟ್ ಅವಧಿ 3 ಗಂಟೆ ಮಾತ್ರ. ಆಮೇಲಿನ ಬರಹಗಳಿಗೆ ಹಿಂಟ್ ಇಲ್ಲ. ತುಲಾವರ್ಷದ ಸಿಡಿಲಿಗೋ ಆಟಿಯ ಗಾಳಿಮಳೆಗೋ ಲೈನ್ ಮೇಲೆ ಮರ ಬಿದ್ದರೆ ಕರೆಂಟು 3 ಗಂಟೆಯೊಳಗೆ ಬಂದೇ ಬರುತ್ತದೆಂದು ನಮ್ಮೂರಿನಲ್ಲಿ ಯಾರೂ ಪಂಥ ಕಟ್ಟುವುದಿಲ್ಲ! ಆದ್ದರಿಂದ ಒಂದು ನೋಡ್ ಬಿದ್ದು 2 ಗಂಟೆಯಾದರೆ ಫೋನ್ ಹೊಡೆಯಲಿ. ಎರಡು ಬಿದ್ದರೆ ನಡುರಾತ್ರಿಯಾದರೂ ಕೂಡಲೇ. 3 ಗಂಟೆ ಮೀರಿ ಎದ್ದ ನೋಡ್‌ನಲ್ಲಿ, ಕೆಲಸ ಕಡಿಮೆಯಿರುವ ರಾತ್ರಿ, ನೋಡ್‌ಟೂಲ್ ರಿಪೇರನ್ನು ಫುಲ್ ಆಯ್ಕೆಯೊಂದಿಗೆ ಓಡಿಸಿ, ಅದು ಪ್ರತಿಗಳನ್ನು ಹೋಲಿಸಿ ತಪ್ಪಿಹೋದದ್ದನ್ನು ತುಂಬುತ್ತದೆ.

ಇನ್ನೊಂದು ಗಡು 10 ದಿನದ್ದು, ಅಂದರೆ ಅಳಿಸಿದ ಗುರುತನ್ನು ಕಾಯ್ದಿಡುವ ಡಿಫಾಲ್ಟ್ ಅವಧಿ, ಜಿಸಿ ಗ್ರೇಸ್‌ನ 8,64,000 ಸೆಕೆಂಡು. ಅಳಿಸಿದ ಸಾಲಿಗೆ ಹಾಕಿದ ಟೂಂಬ್‌ಸ್ಟೋನ್ ಗುರುತುಗಳನ್ನು ಉಳಿದ ನೋಡ್‌ಗಳು ಅದರ ನಂತರ ಫೈಲು ಒಗ್ಗೂಡಿಸುವ ಕಂಪ್ಯಾಕ್ಷನ್‌ನಲ್ಲಿ ಎಸೆಯಬಹುದು. ಅಷ್ಟು ದಿನ ಬಿದ್ದಿದ್ದ ಸರ್ವರನ್ನು ಸುಮ್ಮನೆ ಚಾಲೂ ಮಾಡಿದರೆ ಅಳಿಸಿದ ಬಿಲ್‌ಗಳು ಮತ್ತೆ ಎದ್ದು ಬರುತ್ತವೆ. ಅದರ ಡೇಟಾ ತೆಗೆದು, ಹೊಸ ನೋಡ್‌ನಂತೆ ಹಳೆಯದರ ಜಾಗಕ್ಕೆ ಸೇರಿಸುವುದೇ ಸರಿ.

ನೋಡ್ ಡಿಎನ್ ಆಗಿ ಕೆಲವೇ ಸೆಕೆಂಡಿನಲ್ಲಿ ಯುಎನ್ ಆಗುತ್ತಿದ್ದರೆ ಸಿಸ್ಟಮ್ ಲಾಗ್‌ನಲ್ಲಿ ಜಿಸಿಇನ್‌ಸ್ಪೆಕ್ಟರ್ ಸಾಲು ನೋಡಿ. ಜಾವಾ ತನ್ನ ಮೆಮೊರಿ ಶುಚಿಗೊಳಿಸಲು ನಿಂತ, 200 ಮಿಲಿಸೆಕೆಂಡ್ ದಾಟಿದ ವಿರಾಮವನ್ನು ಅದು ಬರೆಯುತ್ತದೆ, 1000 ದಾಟಿದರೆ ಎಚ್ಚರಿಕೆಯ ಸಾಲು. ಉದ್ದದ ವಿರಾಮಗಳಿದ್ದರೆ ಹೀಪ್ (ಜಾವಾದ ಮೆಮೊರಿ) ಮೇಲೆ ಒತ್ತಡವಿದೆ. ವಿರಾಮವೇ ಇಲ್ಲದಿದ್ದರೆ ಲಿಂಕ್ ಕೆಟ್ಟದ್ದು. ಅದನ್ನು ಸರಿಮಾಡಲಾಗದಿದ್ದರೆ ಮಾತ್ರ, ನೋಡ್ ಸತ್ತಿದೆಯೆಂದು ತೀರ್ಮಾನಿಸುವ ಮಿತಿಯಾದ ಫೈ ಕನ್ವಿಕ್ಟ್ ಥ್ರೆಶೋಲ್ಡನ್ನು 8ರಿಂದ 10 ಅಥವಾ 12ಕ್ಕೆ ಏರಿಸಿ. ನೋಡ್‌ಟೂಲ್ ಟಿಪಿಸ್ಟ್ಯಾಟ್ಸ್‌ನಲ್ಲಿ 'ಡ್ರಾಪ್ಡ್' (ತಡವಾದ್ದರಿಂದ ಕೈಬಿಟ್ಟ ಕೋರಿಕೆಗಳ) ಎಣಿಕೆ ಪ್ರೋಸೆಸ್ ಶುರುವಾದಂದಿನಿಂದ ಕೂಡುತ್ತಾ ಬಂದದ್ದು. ಹೋದ 5 ನಿಮಿಷದಲ್ಲಿ ಎಷ್ಟು ಏರಿತೆಂಬುದೇ ಲೆಕ್ಕ.

ಗಡಿಯಾರ ಮರೆಯಬೇಡಿ. ಒಂದೇ ಸಾಲಿಗೆ ಎರಡು ಬರಹ ಬಂದರೆ ಯಾವುದರ ಟೈಮ್‌ಸ್ಟ್ಯಾಂಪ್ ಹೊಸದೋ ಅದೇ ಗೆಲ್ಲುತ್ತದೆ. ಸಿಮೋಸ್ ಬ್ಯಾಟರಿ ಸತ್ತ ಕಂಪ್ಯೂಟರ್ ಕರೆಂಟು ಬಂದಾಗ ಹಳೆಯ ತಾರೀಕಿನಲ್ಲಿ ಏಳುತ್ತದೆ, ಇವತ್ತಿನ ತಿದ್ದುಪಡಿ ಮೌನವಾಗಿ ಸೋಲುತ್ತದೆ. ಬಿಲ್ ಮಾಡುವ ಕಂಪ್ಯೂಟರುಗಳಲ್ಲೂ ಸಮಯ ಸರಿಹೊಂದಿಸುವ ಕ್ರೋನಿ ಓಡುತ್ತಿರಲಿ.

ಕಾವಲು ಕಾಯುವ ಮೆಷೀನ್ ಈ ಮೂರರಲ್ಲೊಂದು ಆಗಬಾರದು, ಅವುಗಳ ಯುಪಿಎಸ್‌ನಲ್ಲೂ ಇರಬಾರದು. ಯುಪಿಎಸ್ ಬ್ಯಾಟರಿ ಮುಗಿಯುವ ಮೊದಲು, ಕೆಲವು ನಿಮಿಷ ಕೈಯಲ್ಲಿರುವಾಗಲೇ, ನೋಡ್‌ಟೂಲ್ ಡ್ರೇನ್ ಮಾಡಿ ಬಳಿಕ ಸರ್ವಿಸ್ ನಿಲ್ಲಿಸುವ ಸ್ಕ್ರಿಪ್ಟ್ ಹಾಕಿಡಿ. ಮೆಮೊರಿಯಲ್ಲಿದ್ದದ್ದು ಡಿಸ್ಕಿಗೆ ಇಳಿಯುವುದರಿಂದ, ಮುಂದಿನ ಸಲ ಕಮಿಟ್ ಲಾಗ್ (ಬರಹಗಳ ದಾಖಲೆ) ಮತ್ತೆ ಓದುವ ಕೆಲಸ ತಪ್ಪಿ ನೋಡ್ ಬೇಗ ಏಳುತ್ತದೆ.