ಕ್ರೂಗರ್ ಕಾಡಿಗೆ ಐದು ಲಕ್ಷದ ಲೆಕ್ಕ

ಕಬಿನಿಯಲ್ಲಿ ಜೀಪು ಹತ್ತಿದ ಕೂಡಲೇ ನನ್ನ ಕಣ್ಣು ಅರ್ಧ ಗಡಿಯಾರದ ಮೇಲೇ ಇರುತ್ತದೆ. ಒಂದು ಸಲಕ್ಕೆ ಮೂರು ಗಂಟೆಯ ಆಸುಪಾಸು, ಅಷ್ಟೇ. ಹುಲಿ ಕಂಡರೆ ಕಂಡಿತು, ಇಲ್ಲದಿದ್ದರೆ ಇಲ್ಲ. ದಕ್ಷಿಣ ಆಫ್ರಿಕಾದ ಕ್ರೂಗರ್ ಕಾಡಿನಲ್ಲಿ ನಮ್ಮದೇ ಕಾರು ತಗೊಂಡು ಬೆಳಗ್ಗೆ ಆರರಿಂದ ಸಂಜೆವರೆಗೂ ಸುತ್ತಬಹುದು ಅಂತ ಗೊತ್ತಾದ ದಿನವೇ ನನ್ನ ತಲೆಯಲ್ಲಿ ಲೆಕ್ಕ ಶುರುವಾಯಿತು. 2024ರ ಮೇ ತಿಂಗಳಲ್ಲಿ ಹೋಗಿಬಂದೆವು. ನಾನು, ಹೆಂಡತಿ, ಹತ್ತು ವರ್ಷದ ಮಗ, ಎಂಟು ವರ್ಷದ ಮಗಳು. ಮೈಸೂರಿಂದ ಮೈಸೂರಿಗೆ ಹನ್ನೊಂದು ದಿನ, ಅದರಲ್ಲಿ ಕಾಡಿನೊಳಗೆ ಏಳು ರಾತ್ರಿ. ಒಟ್ಟು ಖರ್ಚು ಐದು ಲಕ್ಷಕ್ಕೆ ಸ್ವಲ್ಪ ಕಡಿಮೆ.

ಮೊದಲು ಒಂದು ಟ್ರಾವೆಲ್ ಏಜೆನ್ಸಿಯಲ್ಲಿ ವಿಚಾರಿಸಿದ್ದೆ. ಅವರ ಪಟ್ಟಿಯಲ್ಲಿ ಕೇಪ್‌ಟೌನ್, ಸನ್ ಸಿಟಿ, ಆಸ್ಟ್ರಿಚ್ ಫಾರ್ಮ್ ಎಲ್ಲ ಇತ್ತು. ಕಾಡಿಗೆ ಎರಡು ರಾತ್ರಿ ಮಾತ್ರ. ಕ್ರೂಗರ್ ಪಕ್ಕದ ಸಾಬಿ ಸ್ಯಾಂಡ್ಸ್‌ನ ಖಾಸಗಿ ಲಾಡ್ಜ್‌ಗಳ ದರ ಕೇಳಿದೆ. ಒಬ್ಬರಿಗೆ ಒಂದು ರಾತ್ರಿಗೆ ಅರ್ಧ ಲಕ್ಷದಿಂದ ಶುರು. ಅಲ್ಲಿ ಜೀಪು ರಸ್ತೆ ಬಿಟ್ಟು ಪೊದೆಯೊಳಗೂ ಹೋಗುತ್ತದೆ, ಚಿರತೆ ಬಲು ಹತ್ತಿರ ಸಿಗುತ್ತದೆ, ಒಪ್ಪುತ್ತೇನೆ. ಆದರೆ ನಾಲ್ಕು ಜನಕ್ಕೆ ಎರಡು ರಾತ್ರಿಯ ಆ ದುಡ್ಡಿನಲ್ಲಿ ಸರ್ಕಾರಿ ಕ್ಯಾಂಪುಗಳಲ್ಲಿ ಒಂದು ವಾರ ಇದ್ದು, ಇನ್ನೂ ಉಳಿಸಬಹುದಿತ್ತು. ಆಗ ಒಂದು ತೀರ್ಮಾನ ಮಾಡಿದೆವು. ದುಡ್ಡು ಹೋಗಬೇಕಾದ್ದು ಕಾಡಿನಲ್ಲಿ ಕಳೆಯುವ ಗಂಟೆಗಳಿಗೆ, ಮಲಗುವ ಹಾಸಿಗೆಗಲ್ಲ. ಮುಂದಿನ ಪ್ರತಿ ಖರ್ಚನ್ನೂ ಇದೇ ತಕ್ಕಡಿಯಲ್ಲಿ ತೂಗಿದೆವು.

ತಿಂಗಳು ಆರಿಸುವುದೇ ಮೊದಲ ಕೆಲಸ. ಅಲ್ಲಿ ಮೇನಿಂದ ಸೆಪ್ಟೆಂಬರ್‌ವರೆಗೆ ಒಣ ಕಾಲ, ಚಳಿಗಾಲ. ಹುಲ್ಲು ಒಣಗಿ ತಗ್ಗುತ್ತದೆ, ಪ್ರಾಣಿಗಳು ನೀರಿರುವ ಕಡೆಗೇ ಬರುತ್ತವೆ. ಜೂನ್ ಕೊನೆಯಿಂದ ಜುಲೈವರೆಗೆ ಅಲ್ಲಿನ ಶಾಲೆಗಳಿಗೆ ರಜೆ, ಆಗ ರೂಮು ಸಿಗುವುದು ಕಷ್ಟ. ನಮ್ಮ ಮಕ್ಕಳ ಬೇಸಿಗೆ ರಜೆಯ ಕೊನೆಯ ಎರಡು ವಾರ ಈ ನಡುವೆ ಸರಿಯಾಗಿ ಕೂತವು. ಕ್ರೂಗರ್ ನೋಡಿಕೊಳ್ಳುವ ಸ್ಯಾನ್‌ಪಾರ್ಕ್ಸ್ ಸಂಸ್ಥೆ ಹನ್ನೊಂದು ತಿಂಗಳು ಮುಂಚೆಯೇ ಬುಕಿಂಗ್ ತೆರೆಯುತ್ತದೆ. ನಾವು ಒಂಬತ್ತು ತಿಂಗಳು ಮುಂಚೆ ಮಾಡಿದೆವು. ಆಗಲೇ ನದಿ ಕಾಣುವ ಮನೆಗಳೆಲ್ಲ ಹೋಗಿದ್ದವು.

ನನ್ನ ಮೊದಲ ಪ್ಲಾನ್ ನೋಡಿದರೆ ಈಗ ನಗು ಬರುತ್ತದೆ. ತೆಂಕಣ ತುದಿಯ ಬರ್ಗ್-ಎನ್-ಡಾಲ್‌ನಿಂದ ಬಡಗಣ ತುದಿಯ ಪುಂಡಾ ಮರಿಯಾವರೆಗೆ ಏಳು ರಾತ್ರಿಗೆ ಆರು ಕ್ಯಾಂಪು! ಕ್ರೂಗರ್ ಉದ್ದವೇ ಸುಮಾರು 360 ಕಿಲೋಮೀಟರ್. ಡಾಂಬರು ರಸ್ತೆಯಲ್ಲಿ ಗಂಟೆಗೆ 50, ಮಣ್ಣು ರಸ್ತೆಯಲ್ಲಿ 40 ಕಿಲೋಮೀಟರ್ ಮೀರುವಂತಿಲ್ಲ. ನಿಂತು ನಿಂತು ಹೋಗುವಾಗ ನಿಜವಾದ ಸರಾಸರಿ ಇಪ್ಪತ್ತು, ಇಪ್ಪತ್ತೈದು. ನೂರು ಕಿಲೋಮೀಟರ್ ಅಂದರೆ ಅರ್ಧ ದಿನ ಹೋಯಿತು. ಹಾಗಾಗಿ ಮೂರೇ ಕ್ಯಾಂಪಿಗೆ ಇಳಿಸಿದೆ. ಗೇಟಿಗೆ ಹತ್ತಿರ ಅಂತ ಬರ್ಗ್-ಎನ್-ಡಾಲ್ ಒಂದು ರಾತ್ರಿ, ಲೋವರ್ ಸಾಬಿ ಮೂರು, ಸಟಾರಾ ಮೂರು.

ಕಾಗದಪತ್ರದಲ್ಲಿ ನಮ್ಮನ್ನು ಕಾಡಿದ್ದು ಮಗಳ ಜನನ ಪ್ರಮಾಣಪತ್ರ. ಮಕ್ಕಳ ವೀಸಾಗೆ ಅಪ್ಪ ಅಮ್ಮ ಇಬ್ಬರ ಹೆಸರೂ ಇರುವ ಪ್ರಮಾಣಪತ್ರ ಕೇಳುತ್ತಾರೆ. ನಮ್ಮದರಲ್ಲಿ ನಮ್ಮಿಬ್ಬರ ಹೆಸರು ಇತ್ತು, ಮಗಳ ಹೆಸರೇ ಇರಲಿಲ್ಲ! ಹುಟ್ಟಿದ ವಾರದಲ್ಲಿ ತಗೊಂಡಿದ್ದು, ನಾಮಕರಣದ ಮೇಲೆ ಹೆಸರು ಸೇರಿಸಲು ನಾವೇ ಮರೆತಿದ್ದೆವು. ಅದನ್ನು ಸರಿಮಾಡಿಸಲು ಹದಿನೈದು ದಿನ ಹೋಯಿತು. ನಿಮ್ಮ ಮನೆಯಲ್ಲಿ ಮಕ್ಕಳಿದ್ದರೆ ಇವತ್ತೇ ಆ ಹಾಳೆ ತೆಗೆದು ನೋಡಿ. ಭಾರತೀಯರಿಗೆ ವೀಸಾ ಶುಲ್ಕ ಇರಲಿಲ್ಲ, ಆದರೆ ವೀಸಾ ಅರ್ಜಿ ತಗೊಳ್ಳುವ ವಿಎಫ್‌ಎಸ್ ಕಂಪನಿಯ ಸೇವಾ ಶುಲ್ಕ, ಕೊರಿಯರ್ ಅಂತ ನಾಲ್ವರಿಗೆ ಹನ್ನೆರಡು ಸಾವಿರ ದಾಟಿತು. ಪಾಸ್‌ಪೋರ್ಟ್ ಕೈಗೆ ಬರಲು ಮೂರು ವಾರ ಹಿಡಿಯಿತು.

ನಮ್ಮ ವಿಮಾನ ಮುಂಬೈಯಿಂದ ಅಡಿಸ್ ಅಬಾಬಾ ಮೇಲೆ ಜೋಹಾನ್ಸ್‌ಬರ್ಗ್‌ಗೆ. ಅಡಿಸ್ ಇರುವ ಇಥಿಯೋಪಿಯಾ ಹಳದಿ ಜ್ವರದ ದೇಶ. ಅಲ್ಲಿ ಹನ್ನೆರಡು ಗಂಟೆಗಿಂತ ಜಾಸ್ತಿ ಇದ್ದರೆ ದಕ್ಷಿಣ ಆಫ್ರಿಕಾಕ್ಕೆ ಲಸಿಕೆಯ ಹಳದಿ ಪುಸ್ತಕ ಬೇಕು. ನಮಗೆ ಮೂರೇ ಗಂಟೆ ಇತ್ತು, ನಿಯಮದ ಪ್ರಕಾರ ಬೇಡ. ಆದರೆ ಮುಂದಿನ ವಿಮಾನ ತಪ್ಪಿ ಅಲ್ಲೇ ಉಳಿಯಬೇಕಾದರೆ? ಆ ಚಿಂತೆ ಯಾಕೆ ಅಂತ ಚುಚ್ಚಿಸಿಕೊಂಡೆವು. ಸರ್ಕಾರ ಗೊತ್ತುಮಾಡಿದ ಕೇಂದ್ರಗಳಲ್ಲಿ ಮಾತ್ರ ಹಾಕುತ್ತಾರೆ, ಹಾಕಿಸಿ ಹತ್ತು ದಿನ ಆದ ಮೇಲೆಯೇ ಲೆಕ್ಕಕ್ಕೆ ಬರುವುದು. ಒಮ್ಮೆ ಹಾಕಿಸಿದರೆ ಜೀವನಪೂರ್ತಿ ನಡೆಯುತ್ತದೆ. ಇನ್ನು ಕ್ರೂಗರ್ ಮಲೇರಿಯಾ ಇರುವ ಜಾಗ. ಡಾಕ್ಟರು ಅಟೊವಾಕ್ವೋನ್-ಪ್ರೊಗ್ವಾನಿಲ್ ಮಾತ್ರೆ ಬರೆದರು, ಮಕ್ಕಳಿಗೆ ತೂಕ ನೋಡಿ. ಹೋಗುವ ಮುಂಚಿನ ದಿನದಿಂದ ದಿನಾ ಒಂದು ಸಲ, ಕಾಡಿನಿಂದ ಹೊರಬಂದ ಮೇಲೂ ಏಳು ದಿನ. ನಮ್ಮ ಬೀದಿಯ ಮೆಡಿಕಲ್ ಶಾಪಿನಲ್ಲಿ ಸಿಗಲಿಲ್ಲ, ತರಿಸಿಕೊಡಲು ವಾರ ಹಿಡಿಯಿತು. ಅಗ್ಗದ ಮಾತ್ರೆಯೂ ಅಲ್ಲ.

ಈಗ ಕಾರಿನ ವಿಷಯ. ಅಲ್ಲಿಯೂ ನಮ್ಮ ಹಾಗೇ ಎಡಗಡೆ ಓಡಿಸುವುದು, ಸ್ಟಿಯರಿಂಗ್ ಬಲಕ್ಕೆ. ಆರ್‌ಟಿಒದಲ್ಲಿ ಸಾವಿರ ರೂಪಾಯಿ ಕಟ್ಟಿ ಇಂಟರ್‌ನ್ಯಾಷನಲ್ ಪರ್ಮಿಟ್ ಮಾಡಿಸಲು ಹೊರಟಾಗ ಹೆಂಡತಿ, "ರೀ, ನಂದೂ ಒಂದು ಮಾಡಿಸಿಬಿಡಿ" ಅಂದಳು. ಸುಮ್ನೆ ಸಾವಿರ ದಂಡ ಅಂದುಕೊಂಡೇ ಮಾಡಿಸಿದೆ. ಆ ಸಾವಿರವೇ ಟ್ರಿಪ್ಪನ್ನು ಕಾಪಾಡಿತು.

ಜೋಹಾನ್ಸ್‌ಬರ್ಗ್‌ನಲ್ಲಿ ಇಳಿದ ರಾತ್ರಿ ಏರ್‌ಪೋರ್ಟ್ ಪಕ್ಕದಲ್ಲೇ ಉಳಿದೆವು. ಆ ಊರಲ್ಲಿ ಕತ್ತಲಾದ ಮೇಲೆ ಗೊತ್ತಿಲ್ಲದ ದಾರಿ ಹಿಡಿಯುವುದು ಬೇಡ ಅಂತ ಎಲ್ಲರೂ ಹೇಳಿದ್ದರು. ಮರುದಿನ ಬೆಳಗ್ಗೆ ಒಂಬತ್ತಕ್ಕೆ ಕಾರಿನ ಕೌಂಟರಿಗೆ ಹೋದರೆ ಡೆಪಾಸಿಟ್‌ಗೆ ಕ್ರೆಡಿಟ್ ಕಾರ್ಡ್ ಕೇಳಿದರು. ಡೆಬಿಟ್ ಕಾರ್ಡ್ ನಡೆಯಲ್ಲ. ಕ್ರೆಡಿಟ್ ಕಾರ್ಡ್ ಮುಖ್ಯ ಡ್ರೈವರ್ ಹೆಸರಿನಲ್ಲೇ ಇರಬೇಕು. ಮುಖ್ಯ ಡ್ರೈವರ್ ನಾನು. ನನ್ನ ಕಾರ್ಡಿನ ಲಿಮಿಟ್ಟನ್ನು ವಿಮಾನದ ಟಿಕೆಟ್ಟೇ ತಿಂದುಹಾಕಿತ್ತು. ಹೆಂಡತಿಯ ಕಾರ್ಡ್‌ನಲ್ಲಿ ಜಾಗ ಇದೆ, ಆದರೆ ಬುಕಿಂಗ್ ಅವಳ ಹೆಸರಲ್ಲಿಲ್ಲ. ಎರಡು ಗಂಟೆ ನಿಂತೆವು. ಕೊನೆಗೆ ಅವಳ ಪರ್ಮಿಟ್ ನೋಡಿ ಕಾಂಟ್ರಾಕ್ಟನ್ನೇ ಅವಳ ಹೆಸರಿಗೆ ಬದಲಾಯಿಸಿದರು. ನಾನು ದುಡ್ಡು ಕೊಟ್ಟು ಎರಡನೇ ಡ್ರೈವರ್ ಆದೆ! ತಪ್ಪು ನನ್ನದೇ, ಷರತ್ತಿನಲ್ಲಿ ಬರೆದಿತ್ತು, ನಾನು ಓದಿರಲಿಲ್ಲ. ಟೈರು ಮತ್ತು ಗಾಜು ಸಾಮಾನ್ಯ ಇನ್ಶೂರೆನ್ಸ್‌ನಲ್ಲಿ ಸೇರಿರಲ್ಲ ಅನ್ನುವುದನ್ನು ಮಾತ್ರ ಓದಿದ್ದೆ. ಅದನ್ನೂ ಸೇರಿಸಿಕೊಂಡೆ. ಎಲ್ಲ ಸೇರಿ ಕಾರಿಗೆ ನಲವತ್ತೈದು ಸಾವಿರ.

ಹನ್ನೊಂದಕ್ಕೆ ಹೊರಟು, ಎನ್4 ಹೆದ್ದಾರಿ ಹಿಡಿದು, ಟೋಲ್ ಕಟ್ಟುತ್ತಾ ಓಡಿದೆವು. ಮ್ಬೊಂಬೆಲಾ ಊರಲ್ಲಿ ದಿನಸಿ ತಗೊಂಡೆವು. ಮಲೆಲೇನ್ ಗೇಟ್ ತಲುಪಿದಾಗ ಐದಕ್ಕೆ ಐದು ನಿಮಿಷ. ಮೇ ತಿಂಗಳಲ್ಲಿ ಗೇಟು, ಕ್ಯಾಂಪು ಎರಡೂ ಐದೂವರೆಗೆ ಮುಚ್ಚುತ್ತವೆ. ಕ್ಯಾಂಪಿಗೆ ಹನ್ನೆರಡು ಕಿಲೋಮೀಟರ್, ಪರವಾಗಿಲ್ಲ ಅಂದುಕೊಂಡೆ. ಅರ್ಧ ದಾರಿಯಲ್ಲಿ ರಸ್ತೆ ನಡುವೆ ಒಂಟಿ ಸಲಗ. ಆಫ್ರಿಕಾದ ಮೊದಲ ಆನೆ, ಮಕ್ಕಳಿಗೆ ಹಬ್ಬ. ನಾನು ಮಾತ್ರ ವಾಚು ನೋಡುತ್ತಿದ್ದೆ. ಗಡಿಯಾರ ಮರೆಯೋಣ ಅಂತ ಬಂದವನು! ಐದು ಇಪ್ಪತ್ತೆಂಟಕ್ಕೆ ಕ್ಯಾಂಪಿನೊಳಗೆ ನುಗ್ಗಿದೆವು.

ಪಾರ್ಕಿನ ದಿನದ ಶುಲ್ಕ ಬಹಳ ಜನ ಬಜೆಟ್‌ನಲ್ಲಿ ಮರೆಯುವ ಸಾಲು. ರೂಮಿನ ಬಾಡಿಗೆಯಲ್ಲಿ ಇದು ಸೇರಿರಲ್ಲ. ನಾವು ಹೋದಾಗ ವಿದೇಶಿಯರಿಗೆ ದಿನಕ್ಕೆ ಅಲ್ಲಿನ ದುಡ್ಡಿನಲ್ಲಿ 500 ರ‍್ಯಾಂಡ್‌ಗೂ ಮೇಲೆ, ಮಕ್ಕಳಿಗೆ ಅರ್ಧ. ಆಗ ಒಂದು ರ‍್ಯಾಂಡ್‌ಗೆ ನಾಲ್ಕೂವರೆ ರೂಪಾಯಿ ಇತ್ತು. ನಮ್ಮ ನಾಲ್ವರಿಗೆ ಏಳು ದಿನಕ್ಕೆ ಅರ್ಧ ಲಕ್ಷ ಬರುತ್ತಿತ್ತು. ಅದರ ಬದಲು ವೈಲ್ಡ್ ಕಾರ್ಡ್ ಅನ್ನುವ ವರ್ಷದ ಪಾಸಿತ್ತು. ಲೆಕ್ಕ ಹಾಕಿದರೆ ನಮಗೆ ಅದೇ ಅಗ್ಗ ಬಿತ್ತು. ಎರಡು ಮೂರು ದಿನಕ್ಕೆ ಹೋಗುವವರಿಗೆ ದಿನದ ಶುಲ್ಕವೇ ಸಾಕು.

ರೂಮಿಗೆ ಏಳು ರಾತ್ರಿಗೆ ಎಪ್ಪತ್ತಾರು ಸಾವಿರ ಆಯಿತು. ಹುಲ್ಲು ಹೊದಿಸಿದ ಪುಟ್ಟ ಮನೆ, ಜಗಲಿಯಲ್ಲೇ ಒಲೆ, ಫ್ರಿಜ್ಜು. ಊಟಕ್ಕೆ ಹೋಟೆಲ್ ಇದೆ, ಆದರೆ ಸಸ್ಯಾಹಾರಿಗಳಿಗೆ ಆಯ್ಕೆ ಕಡಿಮೆ, ಅಡುಗೆ ಮಾಡಿಕೊಂಡರೆ ಅರ್ಧಕ್ಕರ್ಧ ಉಳಿತಾಯ. ಊರಿಂದ ಒಯ್ದಿದ್ದು ಬಿಸಿಬೇಳೆಬಾತ್ ಪುಡಿ, ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಎಲ್ಲ ಸೀಲ್ ಮಾಡಿದ ಪೊಟ್ಟಣ. ಹಣ್ಣು, ಬೀಜ, ಹಾಲಿನ ಪದಾರ್ಥ ಒಯ್ಯಲು ಹೋಗಬೇಡಿ. ಅಕ್ಕಿ, ಬೇಳೆ, ತರಕಾರಿ ಅಲ್ಲಿನ ಸೂಪರ್ ಮಾರ್ಕೆಟ್‌ನಲ್ಲೇ ಸಿಗುತ್ತವೆ. ಅಲ್ಲಿನವರ ಪಾಪ್, ಅಂದರೆ ಬಿಳಿ ಮೆಕ್ಕೆಜೋಳದ ಹಿಟ್ಟಿನ ಮುದ್ದೆ, ನಮ್ಮ ರಾಗಿಮುದ್ದೆಯ ನೆಂಟ. ಟೊಮೆಟೊ ಈರುಳ್ಳಿ ಗೊಜ್ಜಿನ ಜೊತೆ ಕೊಡುತ್ತಾರೆ. ಮಗ ಎರಡು ಸಲ ಹಾಕಿಸಿಕೊಂಡ. ಫ್ರಿಜ್ಜಿಗೆ ಚಿಲಕ ಯಾಕಪ್ಪಾ ಅಂತ ಯೋಚಿಸುತ್ತಿರುವಾಗಲೇ ವರ್ವೆಟ್ ಮಂಗವೊಂದು ಮೇಜಿನ ಮೇಲಿದ್ದ ಬ್ರೆಡ್ಡನ್ನು ಪೂರ್ತಿ ಎತ್ತಿಕೊಂಡು ಹೋಯಿತು. ಚಾಮುಂಡಿ ಬೆಟ್ಟದಲ್ಲಿ ಕಲಿತ ಪಾಠ ಅಲ್ಲಿ ನೆನಪಾಗಲಿಲ್ಲ ನೋಡಿ.

ಲಗೇಜಿನಲ್ಲಿ ನಾನು ಹೆಮ್ಮೆಪಡುವ ವಸ್ತು ಎರಡು. ಅಲ್ಲಿನ ಗೋಡೆಯ ಪ್ಲಗ್ಗಿಗೆ ಮೂರು ದಪ್ಪ ಗುಂಡು ಪಿನ್ ಬೇಕು. ನಮ್ಮ ಮನೆಯ ಗೀಸರಿಗೆ ಇರುವ ಹದಿನಾರು ಆಂಪಿಯರ್ ಪ್ಲಗ್ಗೇ ಅದು! ಏರ್‌ಪೋರ್ಟಿನಲ್ಲಿ ಸಾವಿರಾರು ರೂಪಾಯಿಯ ಅಡಾಪ್ಟರ್ ತಗೊಳ್ಳಬೇಡಿ. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ದಪ್ಪ ಪಿನ್ನಿನ ಎಕ್ಸ್‌ಟೆನ್ಷನ್ ಬೋರ್ಡ್ ತಗೊಂಡರೆ ಕ್ಯಾಮೆರಾ, ಫೋನು ಎಲ್ಲ ಒಟ್ಟಿಗೆ ಚಾರ್ಜ್ ಆಗುತ್ತವೆ. ಇನ್ನೊಂದು, ಹಳೇ ಜೀನ್ಸ್ ಕಾಲಿನಿಂದ ಅಮ್ಮ ಹೊಲಿದುಕೊಟ್ಟ ಚೀಲ. ಖಾಲಿ ಒಯ್ದು, ಅಲ್ಲಿ ಎರಡು ಕಿಲೋ ಅಕ್ಕಿಯ ಪ್ಯಾಕೆಟ್ಟನ್ನು ಹಾಗೇ ಒಳಗಿಟ್ಟೆ. ಕಾರಿನ ಕಿಟಕಿ ಮೇಲೆ ಇಟ್ಟು ಬಾಡಿಗೆಗೆ ತಂದ ಭಾರದ ಲೆನ್ಸನ್ನು ಕೂರಿಸಿದರೆ ಅಲುಗುವುದೇ ಇಲ್ಲ. ಕೊನೇ ರಾತ್ರಿ ಅದೇ ಅಕ್ಕಿಯಲ್ಲಿ ಬಿಸಿಬೇಳೆಬಾತ್. ಬೈನಾಕ್ಯುಲರ್ ಮಾತ್ರ ಎರಡೇ ಒಯ್ದು ತಪ್ಪು ಮಾಡಿದೆ. ಸಿಂಹ ಕಂಡಾಗ ಕಾರಿನೊಳಗೇ ಯುದ್ಧ.

ಆ ಸಿಂಹ ಸಿಕ್ಕಿದ್ದು ಸಟಾರಾ ಹತ್ತಿರದ ಎಸ್100 ಮಣ್ಣು ರಸ್ತೆಯಲ್ಲಿ. ಅಲ್ಲಿಯವರೆಗೆ ನಾಲ್ಕು ದಿನ ಒಂದೂ ಕಂಡಿರಲಿಲ್ಲ. ಮೊದಲೆರಡು ದಿನ ನಾನು ಕಬಿನಿಯ ಚಟದಲ್ಲಿ ಸುಮ್ನೆ ಓಡಿಸುತ್ತಿದ್ದೆ. ಲೋವರ್ ಸಾಬಿ ಪಕ್ಕದ ಸನ್‌ಸೆಟ್ ಡ್ಯಾಮ್‌ನಲ್ಲಿ ಹೆಂಡತಿ ಇಂಜಿನ್ ಆಫ್ ಮಾಡಿಸಿದಳು. ಎರಡು ಗಂಟೆ ಕೂತೆವು. ನೀರಾನೆ, ಮೊಸಳೆ, ನೀರಿಗೆ ಬಂದ ಜಿರಾಫೆ, ಮೀನು ಹಿಡಿಯುವ ಕೊಕ್ಕರೆ, ಎಲ್ಲ ತಾವೇ ಬಂದವು. ಒಂದು ಲೀಟರ್ ಪೆಟ್ರೋಲೂ ಖರ್ಚಾಗಲಿಲ್ಲ. ಪೆಟ್ರೋಲ್ ಲೀಟರ್‌ಗೆ 25 ರ‍್ಯಾಂಡ್ ಹತ್ತಿರ ಇತ್ತು, ಅಂದರೆ ನಮ್ಮ ಊರಿಗಿಂತ ಜಾಸ್ತಿ. ಆಮೇಲೆ ದಿನಾ ಹೀಗೇ ಮಾಡಿದೆವು. ಜೋಹಾನ್ಸ್‌ಬರ್ಗ್‌ಗೆ ಹೋಗಿಬರುವುದೂ ಸೇರಿ ಪೆಟ್ರೋಲಿಗೆ ಆದದ್ದು ಹದಿನೈದು ಸಾವಿರ ಚಿಲ್ಲರೆ.

ಕತ್ತಲಾದ ಮೇಲೆ ಸ್ವಂತ ಕಾರು ಓಡಿಸುವಂತಿಲ್ಲ, ಪಾರ್ಕಿನವರ ತೆರೆದ ಗಾಡಿ ಮಾತ್ರ. ಅದಕ್ಕೆ ಒಂದು ಸಲ ದುಡ್ಡು ಕೊಡಿ, ಕತ್ತೆಕಿರುಬ ಟಾರ್ಚಿನ ಬೆಳಕಿನಲ್ಲಿ ನಡೆದುಬರುವುದನ್ನು ನೋಡಲೇಬೇಕು. ಆರು ವರ್ಷದೊಳಗಿನ ಮಕ್ಕಳನ್ನು ಹತ್ತಿಸಿಕೊಳ್ಳುವುದಿಲ್ಲ. ಸ್ವೆಟರ್, ಟೋಪಿ ಮರೆಯಬೇಡಿ, ಆಫ್ರಿಕಾ ಅಂದರೆ ಸೆಖೆ ಅಂದುಕೊಂಡು ನಾನು ನಡುಗಿದ್ದೇನೆ. ಬೆಳಗಿನ ಗಾಡಿಗೂ ಹೋಗಿದ್ದೆವು, ಅದು ನನ್ನ ಪ್ರಕಾರ ದಂಡ. ನಮ್ಮ ಕಾರಿನಲ್ಲೇ ಆರಕ್ಕೆ ಹೊರಟರೆ ಹೆಚ್ಚೂಕಡಿಮೆ ಅಷ್ಟೇ ಕಾಣುತ್ತದೆ.

ಚಿಲ್ಲರೆ ನೋಟು ಕೈಯಲ್ಲಿರಲಿ. ಪೆಟ್ರೋಲ್ ಹಾಕುವ ಹುಡುಗರಿಗೆ, ಪಾರ್ಕಿಂಗ್‌ನಲ್ಲಿ ಕಾರು ಕಾಯುವವರಿಗೆ ಐದು, ಹತ್ತು ರ‍್ಯಾಂಡ್ ಕೊಡುವುದು ಅಲ್ಲಿನ ರೂಢಿ. ಉಳಿದಿದ್ದಕ್ಕೆಲ್ಲ ಕಾರ್ಡ್ ನಡೆಯುತ್ತದೆ, ಆದರೆ ನಮ್ಮ ಬ್ಯಾಂಕುಗಳು ವಿದೇಶಿ ಖರ್ಚಿನ ಮೇಲೆ ಹಾಕುವ ಮಾರ್ಕಪ್ ಮುಂಚೆಯೇ ನೋಡಿಕೊಳ್ಳಿ. ಐದು ಲಕ್ಷದಲ್ಲಿ ವಿಮಾನದ ಟಿಕೆಟ್ಟೇ ಎರಡು ಲಕ್ಷ ಇಪ್ಪತ್ತು ಸಾವಿರ. ಹಾಗಾಗಿ ಇನ್ನೆರಡು ರಾತ್ರಿ ಜಾಸ್ತಿ ಇದ್ದಿದ್ದರೆ ಮೂವತ್ತು ನಲವತ್ತು ಸಾವಿರದಲ್ಲಿ ಮುಗಿಯುತ್ತಿತ್ತು. ಅಷ್ಟು ದೂರ ಹೋಗಿ ಅದನ್ನು ಉಳಿಸಿದ್ದು ಜಾಣತನವಲ್ಲ ಅಂತ ಈಗ ಅನಿಸುತ್ತದೆ.

ಕಾರು ವಾಪಸ್ ಕೊಡುವ ಮುಂಚೆ ತೊಳೆಸಿದೆವು, ಮಣ್ಣು ಮೆತ್ತಿದ ಕಾರಿಗೆ ಬೇರೆ ಶುಲ್ಕ ಹಾಕುತ್ತಾರೆ. ಡೆಪಾಸಿಟ್ ಹಣ ಬಿಡುಗಡೆ ಆದದ್ದು ಮೈಸೂರಿಗೆ ಬಂದ ಹನ್ನೊಂದನೇ ದಿನ. ಹೆಂಡತಿ ಆಫೀಸಿನಿಂದಲೇ ಮೆಸೇಜ್ ಹಾಕಿದ್ದಳು: "ದುಡ್ಡು ಬಂತು. ಎರಡನೇ ಡ್ರೈವರ್‌ಗೆ ತಿಳಿಸಿ."